ಬೀಡಿ ಎಲೆಯಷ್ಟು

ಮಡಗಾಂವಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೇಳಿದ:
‘ಇದೆಂತ ಮಾರಾಯ್ರೆ, ಐದು ಮೀಟರು? ಮನೆ ಕಟ್ಲಿಕ್ಕುಂಟಾ?’
ಹಾಯಿದೋಣಿಗೆ, ಎಂದೆ. ನಕ್ಕ. ಬಾಗಿಲು ಹಾಕಿದ.
ಸ್ಕೂಟರ್ ರಿಪೇರಿಯವನ ಗರಗಸಕ್ಕೆ ಇಪ್ಪತ್ತು ರೂಪಾಯಿ;
ಹೊಳೆಯುವ ಹಳಿ ಎರಡಾಯಿತು.
ಮುಂದಿನ ಬಸ್ಸಿನ ಸೀಟುಗಳ ಅಡಿ ಅದನ್ನು ಮಲಗಿಸಿ
ಕಾರವಾರ, ಕುಂದಾಪುರ, ಪ್ರತಿ ಬ್ರೇಕಿಗೂ
ಕಾಲಲ್ಲಿ ತಡೆಯುತ್ತ ಬಂದೆ.
ಆ ಒಂದು ಸೀಳು ನನ್ನದು.
ಮೊದಲೇ ಹೇಳಿಬಿಡುತ್ತೇನೆ.

ಬಂದರಿನಿಂದ ದೋಣಿ ದಾಟಿದರೆ ಕಸಬಾ ಬೆಂಗರೆ.
ಇದಿನಬ್ಬನ ಶೆಡ್ಡಿನ ಹಿಂದೆ
ಎರಡು ನೀಲಿ ಡ್ರಮ್ಮುಗಳ ಮೇಲೆ ಕೂವೆಮರ ಮಲಗಿತ್ತು.
ಮರ ಎಂಬುದು ಹೆಸರಿಗೆ; ಒಳಗೆಲ್ಲ ಟೊಳ್ಳು, ಅಲ್ಯುಮಿನಿಯಂ,
ಬಡಿದರೆ ಖಾಲಿ ಕೊಡದ ಹಾಗೆ ಮಾತಾಡುತ್ತದೆ.
ಮೂವತ್ತು ವರ್ಷ ಟ್ರಾಲರ್ ಇಂಜಿನುಗಳನ್ನು ಬಿಚ್ಚಿ ಜೋಡಿಸಿದವನು
ದೋಣಿಗೆ ಒಂದು ಸುತ್ತು ಬಂದ.
‘ಇಂಜಿನ್ ಎಲ್ಲಿ?’
‘ಇಲ್ಲ.’
‘ಮತ್ತೆ?’
‘ಗಾಳಿ.’
ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡ.
‘ಅಜ್ಜನ ಮಂಜಿಗೂ ಅದೇ ಇದ್ದದ್ದು.
ಹಗ್ಗದ ಬಳೆಗೆ ಕೊಬ್ಬರಿ ಎಣ್ಣೆ ಸವರಿ ಹಾಯಿ ಏರಿಸ್ತಿದ್ರಂತೆ.
ಹಳಿ ಗಿಳಿ ಎಲ್ಲ ಇರಲಿಲ್ಲ.’

ಗಾಳಿಪಟದ ನೂಲಿಗೆ ಸೀಮೆಸುಣ್ಣ ತಿಕ್ಕಿ
ತುದಿಯಿಂದ ಬುಡಕ್ಕೆ ಬಿಗಿದು ಟಪ್ಪೆಂದು ಬಿಟ್ಟ.
ಬಿಳಿಯ ಗೆರೆ, ಹಣೆಯ ಮೇಲೆ ಬೈತಲೆಯ ಹಾಗೆ.
ನಾಲ್ಕಿಂಚಿಗೊಂದು ತೂತು. ಒಟ್ಟು ಐವತ್ತು.
ಪ್ರತಿ ತೂತಿಗೂ ಮರೆ ಕೊರೆಯಬೇಕು:
ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ,
ಅರ್ಧ ಮುಂದೆ, ಕಾಲು ಹಿಂದೆ.
ಹದಿನೇಳನೆಯದಕ್ಕೆ ನಾನು ಕೈ ಹಾಕಿದೆ, ಟ್ಯಾಪು ಮುರಿಯಿತು.
ಬೈಯಲಿಲ್ಲ. ಹೊಸದು ಕೊಟ್ಟ,
ನನಗಲ್ಲ, ಪಕ್ಕದ ಮನೆಯ ಹುಡುಗನಿಗೆ.

ನನ್ನ ಪಾಲಿಗೆ ಬಂದದ್ದು ಹಳದಿ ಲೇಪ,
ಸ್ಕ್ರೂವಿನ ಕುತ್ತಿಗೆಗೆ ಅರಸಿನ ಹಚ್ಚುವ ಕೆಲಸ.
‘ಸ್ಟೀಲು, ಅಲ್ಯುಮಿನಿಯಂ, ಇಬ್ಬರೂ ಒಳ್ಳೆಯವರೇ,
ಈ ಉಪ್ಪು ಉಂಟಲ್ಲ,
ನಡುವೆ ಕೂತು ಚಾಡಿ ಹೇಳ್ತದೆ.’

ಅಸರ್ ಬಾಂಗಿನ ಹೊತ್ತಿಗೆ ಹಳಿ ಕೂತಿತು.
ಬುಡದಲ್ಲಿ ನೈಲಾನಿನ ಸ್ಲೈಡು ತೂರಿಸಿ ನೂಲು ಕಟ್ಟಿ ಎಳೆದೆವು:
ಸುಯ್ಯೆಂದು ಹೋಯಿತು,
ನಡುವಿಗೆ ಬಂದು
ಟಕ್.
ಅರ ಹಾಕಿದ. ಟಕ್.
ಕನ್ನಡಕ ಹಣೆಗೇರಿಸಿ ಟಾರ್ಚ್ ಹಿಡಿದ: ಸಮ ಉಂಟಲ್ಲ!
ಟಕ್.
ನನಗೆ ಮಡಗಾಂವಿನ ಗರಗಸ ಕೇಳಿಸುತ್ತಿತ್ತು.

‘ಬೀಫಾತೂ,’ ಎಂದು ಕರೆದ.
ಜಗಲಿಯಲ್ಲಿ ತೊಡೆಯ ಮೇಲೆ ಮೊರ, ಮೊರದ ತುಂಬ ತಂಬಾಕು.
ಧೂಳು ಕೊಡವಿ ಎದ್ದು ಬಂದಳು,
ದೋಣಿಯ ಕಡೆ ನೋಡಲೇ ಇಲ್ಲ.
ಕಣ್ಣು ಮುಚ್ಚಿ
ತೋರುಬೆರಳನ್ನು ಸೀಳಿನ ಮೇಲೆ ಒಮ್ಮೆ ಎಳೆದಳು.
‘ಒಂದು ಎಲೆ ಉಂಟು. ಎಡದ್ದು ಮೇಲೆ.’
ಅರ.
‘ಅರ್ಧ ಎಲೆ.’
ಅರ, ಇನ್ನೂ ಮೆಲ್ಲಗೆ, ಮಗುವಿನ ಉಗುರು ತೆಗೆದ ಹಾಗೆ.
ಮೂರನೆಯ ಸಲ ಮುಟ್ಟಿದವಳು ಏನೂ ಹೇಳದೆ
ಮೊರದ ಕಡೆ ಹೋದಳು.
ಸಾವಿರಕ್ಕೆ ಇನ್ನೂ ಮುನ್ನೂರು ಬಾಕಿ.

ಎಳೆದೆವು.
ಸುಯ್ಯೆಂದದ್ದು ತುದಿಯ ತನಕ ಸುಯ್ಯೆಂದಿತು.

ಇದಿನಬ್ಬನ ಲೆಕ್ಕ ಚುಕ್ತಾ ಮಾಡಿ
ಜಗಲಿಯ ಹತ್ತಿರ ನಿಂತು ಇನ್ನೂರರ ನೋಟು ಹಿಡಿದೆ.
ಆಕೆ ಕತ್ತರಿ ನಿಲ್ಲಿಸಲಿಲ್ಲ.
‘ಬೆರಳು ಮುಟ್ಟಿಸಿದ್ದಕ್ಕೆ ದುಡ್ಡಾ?’
ಮಡಚಿ ಮತ್ತೆ ಜೇಬಿಗೆ ಹಾಕಲಾರದೆ,
ನೋಟು ಕೈಯಲ್ಲೇ ಬೆವರುತ್ತಿರುವಾಗ
‘ಭಾನುವಾರ ಬ್ರಾಂಚಿಗೆ ರಜೆ,’ ಎಂದಳು,
ಇನ್ನೊಂದು ಎಲೆ ಸುರುಳಿ ಸುತ್ತುತ್ತ,
‘ಎಲ್ಲಿಯ ತನಕ ಹೋಗ್ತದೆ ಇದು?’

ಇಂಜಿನ್ ಇಲ್ಲದ್ದಕ್ಕೆ ನಾನು ಹತ್ತುದಿಲ್ಲ,
ಎಂದ ಶೆಡ್ಡಿನೊಳಗಿಂದ ಇದಿನಬ್ಬ.
ಅವನನ್ನು ಯಾರೂ ಕೇಳಿರಲಿಲ್ಲ.

‘ಸದ್ಯಕ್ಕೆ ಅಳಿವೆ ಬಾಗಿಲ ತನಕ,’ ಎಂದೆ.

ಅವಳು ಮೊದಲ ಬಾರಿ ತಲೆಯೆತ್ತಿ
ಕೂವೆಮರದ ಉದ್ದವನ್ನು
ಬುಡದಿಂದ ತುದಿಗೆ ನೋಡಿದಳು.

‘ಅಷ್ಟೆಯಾ?’